ಗಿಟಾರ್ ಆಂಪಿಗೆ ಸ್ಪೀಕರ್, ಬಾಕ್ಸ್ ಆರಿಸುವಾಗ: ಮೊದಲು ಓಮ್ ನೋಡಿ, ಹೆಸರು ಆಮೇಲೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಜಾತ್ರೆಯ ರಸಮಂಜರಿ. ಎರಡನೇ ಹಾಡಿನ ನಡುವೆ ನನ್ನ ಆಂಪಿನ, ಅಂದರೆ ಗಿಟಾರಿನ ಶಬ್ದ ಏರಿಸುವ ಯಂತ್ರದ, ಸ್ಪೀಕರ್ ಗೊರಗೊರ ಎಂದು ಸುಮ್ಮನಾಯಿತು. ಮೈಕಿನವರು ಒಳ್ಳೆಯ ಜನ. "ನೀವು ಚಿಂತೆ ಮಾಡ್ಬೇಡಿ ಮಾಷ್ಟ್ರೇ, ನಮ್ಮ ಬಾಕ್ಸಿಗೆ ಕೊಡುವ" ಎಂದು ಪೆಡಲಿನ (ಕಾಲಿನಲ್ಲಿ ಒತ್ತಿ ಶಬ್ದ ಬದಲಿಸುವ ಡಬ್ಬಿ) ವಯರನ್ನು ನೇರ ಮಿಕ್ಸರಿಗೆ ಚುಚ್ಚಿದರು. ಶಬ್ದ ಬಂತು, ಆದರೆ ಎಂಥ ಶಬ್ದ! ಶಬ್ದ ಒರಟು ಮಾಡುವ ಡಿಸ್ಟಾರ್ಷನ್ ಒತ್ತಿದರೆ ತಗಡಿನ ಡಬ್ಬದೊಳಗೆ ಕಣಜ ಸಿಕ್ಕಿಬಿದ್ದ ಹಾಗೆ. ಎದುರಿನ ಸಾಲಿನಲ್ಲಿದ್ದ ಅಜ್ಜ ಒಬ್ಬರು ಬೈರಾಸನ್ನು ಕಿವಿಗೆ ಸುತ್ತಿಕೊಂಡರು. ಅದೇ ಗಿಟಾರ್, ಅದೇ ಪೆಡಲ್, ಅದೇ ಕೈ. ಬದಲಾದದ್ದರಲ್ಲಿ ಮುಖ್ಯವಾದದ್ದು ಸ್ಪೀಕರ್.

ಗಿಟಾರ್ ನುಡಿಸುವ ನಮ್ಮ ಕಡೆಯ ಹುಡುಗರು ಶಬ್ದ ಸರಿ ಇಲ್ಲ ಅಂತ ಕಂಡಾಗ ಮೊದಲು ಪೆಡಲ್ ತರಿಸುತ್ತಾರೆ, ಆಮೇಲೆ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್ ಬದಲಿಸುತ್ತಾರೆ, ಆಮೇಲೆ ಆಂಪನ್ನೇ ಮಾರುತ್ತಾರೆ. ಸ್ಪೀಕರ್ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ನನ್ನದೂ ಹೋಗಿರಲಿಲ್ಲ. ಈಗ ನನ್ನನ್ನು ಕೇಳಿದರೆ, ಕೈಯಲ್ಲಿ ಇದ್ದಷ್ಟು ದುಡ್ಡಿನಲ್ಲಿ ಮೊದಲ ಪಾಲು ಸ್ಪೀಕರಿಗೆ, ಎರಡನೆಯದು ಬಾಕ್ಸಿಗೆ, ಉಳಿದರೆ ಪೆಡಲಿಗೆ.

ಯಾಕೆ ಹಾಗೆ? ಭಾಷಣಕ್ಕೆ, ಯಕ್ಷಗಾನಕ್ಕೆ ಇಡುವ ಬಾಕ್ಸಿನ ಕೆಲಸ ಒಳಗೆ ಹೋದದ್ದನ್ನು ಹಾಗೇ ಹೊರಗೆ ಕೊಡುವುದು. ಭಾಗವತರ ಸ್ವರ, ಚಕ್ರತಾಳದ ಠಿಣಿ ಎಲ್ಲವೂ ಅದರಲ್ಲಿ ಬರಬೇಕು. ಗಿಟಾರ್ ಸ್ಪೀಕರ್ ಹಾಗಲ್ಲ. ಅದಕ್ಕೆ ಟ್ವೀಟರ್, ಅಂದರೆ ತೀರಾ ಮೇಲಿನ ಸ್ವರಕ್ಕೆ ಇಡುವ ಸಣ್ಣ ಸ್ಪೀಕರ್, ಇಲ್ಲ. ಸುಮಾರು 75 ಹರ್ಟ್ಜ್‌ನಿಂದ 5,000 ಹರ್ಟ್ಜ್‌ವರೆಗೆ ಮಾತ್ರ ಅದು ಚೆನ್ನಾಗಿ ಹಾಡುತ್ತದೆ. ಗಿಟಾರಿನ ದಪ್ಪ ತಂತಿ 82 ಹರ್ಟ್ಜ್, ಹಾಗಾಗಿ ಕೆಳಗೆ ಅಷ್ಟು ಸಾಕು. ಮೇಲೆ 5,000 ದಾಟಿದ ಮೇಲೆ ಡಿಸ್ಟಾರ್ಷನ್ನಿನಲ್ಲಿ ಇರುವುದು ಬರೀ ಹೊಟ್ಟು. ಗೆರಸೆಗೆ ಹಾಕಿ ಕೇರಿದ ಹಾಗೆ ಗಿಟಾರ್ ಸ್ಪೀಕರ್ ಅದನ್ನು ಹಾರಿಸಿಬಿಡುತ್ತದೆ. ಮೈಕಿನವರ ಬಾಕ್ಸ್ ಹೊಟ್ಟು ಸಮೇತ ಬಡಿಸುತ್ತದೆ. ಅಂದ ಹಾಗೆ, ನಿಮ್ಮಲ್ಲಿ ಮಲ್ಟಿ ಎಫೆಕ್ಟ್ (ಹಲವು ಪೆಡಲಿನ ಕೆಲಸ ಒಂದೇ ಡಬ್ಬಿಯಲ್ಲಿ) ಇದ್ದು ಅದರಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್ ಎಂಬುದಿದ್ದರೆ ಈ ಕೇರುವ ಕೆಲಸವನ್ನು ಅದೇ ಮಾಡುತ್ತದೆ. ಮಿಕ್ಸರಿಗೆ ಹೋಗುವಾಗ ಅದನ್ನು ಆನ್ ಮಾಡಿ. ಗಿಟಾರ್ ಬಾಕ್ಸಿಗೆ ಹೋಗುವಾಗ ಆಫ್ ಮಾಡಿ, ಇಲ್ಲದಿದ್ದರೆ ಎರಡು ಸಲ ಕೇರಿ ಶಬ್ದ ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ.

ಈಗ ಓಮಿನ ವಿಷಯ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಇಲ್ಲಿ ತಪ್ಪಿದರೆ ಶಬ್ದ ಕೆಡುವುದಲ್ಲ, ಆಂಪೇ ಸುಡುತ್ತದೆ.

ಆಂಪಿನ ಹಿಂದೆ ಸ್ಪೀಕರ್ ಜ್ಯಾಕಿನ ಹತ್ತಿರ 4, 8 ಅಥವಾ 16 ಓಮ್ ಅಂತ ಬರೆದಿರುತ್ತದೆ. ನಿಮ್ಮದು ಟ್ರಾನ್ಸಿಸ್ಟರ್ ಆಂಪ್ ಆದರೆ ಅಲ್ಲಿ ಬರೆದದ್ದು ಕನಿಷ್ಠ ಸಂಖ್ಯೆ. ಅದಕ್ಕಿಂತ ಜಾಸ್ತಿ ಓಮಿನ ಸ್ಪೀಕರ್ ಹಾಕಿದರೆ ತೊಂದರೆ ಇಲ್ಲ, ಶಕ್ತಿ ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೆ. ಕಡಿಮೆ ಓಮಿನದ್ದು ಹಾಕಿದರೆ ಆಂಪ್ ತಾಳಲಾರದಷ್ಟು ಕರೆಂಟ್ ಎಳೆದು ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಹಳೆಯ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವ ಆಂಪಿನ ಲೆಕ್ಕ ಬೇರೆ. ಅದರೊಳಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದಕ್ಕೆ ಬರೆದಷ್ಟೇ ಓಮ್ ಬೇಕು. ಹಿಂದೆ ಓಮ್ ಬದಲಿಸುವ ಸ್ವಿಚ್ ಇದ್ದರೆ ಬಾಕ್ಸಿಗೆ ಸರಿಯಾಗಿ ತಿರುಗಿಸಿ. ಮತ್ತೆ ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ಯಾವತ್ತೂ ಆನ್ ಮಾಡಿ ನುಡಿಸಬೇಡಿ. ಹೋಗುವ ದಾರಿ ಇಲ್ಲದೆ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನೊಳಗೇ ಏರಿ ಅದನ್ನು ಸುಡಬಹುದು. ಅದು ಸುಟ್ಟರೆ ಹೊಸ ಆಂಪಿನ ಅರ್ಧ ದುಡ್ಡು ರಿಪೇರಿಗೇ ಬೇಕಾದೀತು.

ಜಾತ್ರೆಯಲ್ಲಿ ಸ್ಪೀಕರ್ ಹೋದ ನನ್ನ ಆಂಪ್ ಟ್ರಾನ್ಸಿಸ್ಟರಿನದ್ದು. ಜಾತ್ರೆಯ ಮರುದಿನ ಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ 8 ಓಮಿನ ಸ್ಪೀಕರ್ ಕೇಳಿದೆ. ಕಟ್ಟಿ ಕೊಟ್ಟರು. ನಾನೂ ಬಿಚ್ಚಿ ನೋಡದೆ ಬಸ್ಸು ಹತ್ತಿದೆ. ಮನೆಯಲ್ಲಿ ಹಾಕಿ ನುಡಿಸಿದರೆ ಮೊದಲ ದಿನ ಆಂಪ್ ಬಿಸಿ, ಎರಡನೆಯ ದಿನ ಹೊಗೆ. ಕೊಟ್ಟದ್ದು 4 ಓಮ್. ಅಂಗಡಿಯವರ ತಪ್ಪು ಹೌದು, ಆದರೆ ಒಂದು ಮಲ್ಟಿಮೀಟರ್ ಹಿಡಿದು ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಮಾಮೂಲಿ ಮೀಟರ್ ಸಾಕು. 8 ಓಮಿನ ಸ್ಪೀಕರ್ ಅದರಲ್ಲಿ 6ರಿಂದ 7ರ ಆಚೀಚೆ ತೋರಿಸುತ್ತದೆ. 4 ಓಮಿನದ್ದು 3ರ ಸುತ್ತ, 16 ಓಮಿನದ್ದು 12ರ ಸುತ್ತ. ಬರೆದದ್ದಕ್ಕಿಂತ ಕಡಿಮೆ ತೋರಿಸುವುದು ಸಹಜ, ಹೆದರಬೇಡಿ.

ಒಂದಕ್ಕಿಂತ ಜಾಸ್ತಿ ಸ್ಪೀಕರ್ ಹಾಕುವುದಾದರೆ ಸಣ್ಣ ಲೆಕ್ಕ ಮಾಡಬೇಕು. 8 ಓಮಿನ ಎರಡನ್ನು ಪ್ಯಾರಲಲ್ ಕೊಟ್ಟರೆ, ಅಂದರೆ ಪ್ಲಸ್ಸಿಗೆ ಪ್ಲಸ್ಸು ಮೈನಸ್ಸಿಗೆ ಮೈನಸ್ಸು, 4 ಓಮ್ ಆಗುತ್ತದೆ. ಅವನ್ನೇ ಸೀರೀಸ್ ಕೊಟ್ಟರೆ, ಒಂದರ ಮೈನಸ್ಸು ಇನ್ನೊಂದರ ಪ್ಲಸ್ಸಿಗೆ, 16 ಆಗುತ್ತದೆ. ನಾಲ್ಕು ಸ್ಪೀಕರ್ ಇದ್ದರೆ ಎರಡೆರಡರ ಸೀರೀಸ್ ಜೋಡಿ ಮಾಡಿ, ಆ ಎರಡು ಜೋಡಿಗಳನ್ನು ಪ್ಯಾರಲಲ್ ಕೊಟ್ಟರೆ ಒಂದು ಸ್ಪೀಕರಿನ ಓಮೇ ಮತ್ತೆ ಬರುತ್ತದೆ. ಬೇರೆ ಬೇರೆ ಓಮಿನವನ್ನು ಒಂದೇ ಬಾಕ್ಸಿಗೆ ತುರುಕಬೇಡಿ. ಶಕ್ತಿ ಸಮ ಹಂಚುವುದಿಲ್ಲ, ಒಂದು ಕೂಗುತ್ತದೆ, ಇನ್ನೊಂದು ಗೊಣಗುತ್ತದೆ. ಸ್ಪೀಕರೂ ಆಂಪೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೋ ಆಂಪಿನ ಹಿಂದೆ ಹೆಚ್ಚುವರಿ ಸ್ಪೀಕರಿನ ಜ್ಯಾಕ್ ಇದೆ ಅಂತ ಇನ್ನೊಂದು ಬಾಕ್ಸ್ ಸಿಕ್ಕಿಸುವವರು ಕೂಡ ಈ ಲೆಕ್ಕ ಮರೆಯಬಾರದು. ಅಲ್ಲಿ ಸಾಮಾನ್ಯವಾಗಿ ಪ್ಯಾರಲಲ್ಲೇ ಆಗುವುದು.

ಓಮ್ ಆಯಿತು. ಮುಂದೆ ವ್ಯಾಟ್. ಸ್ಪೀಕರಿನ ವ್ಯಾಟ್ ಅಂದರೆ ಅದು ಎಷ್ಟು ಗಟ್ಟಿ ಹಾಡುತ್ತದೆ ಅಂತಲ್ಲ, ಎಷ್ಟು ಪೆಟ್ಟು ತಾಳುತ್ತದೆ ಅಂತ. 20 ವ್ಯಾಟಿನ ವಾಲ್ವ್ ಆಂಪನ್ನು ಪೂರ್ತಿ ತಿರುಗಿಸಿದರೆ 20ಕ್ಕಿಂತ ಸಾಕಷ್ಟು ಜಾಸ್ತಿಯೇ ಹೊರಗೆ ಬರುತ್ತದೆ, ಆದ್ದರಿಂದ ಸ್ಪೀಕರ್ ಒಂದೂವರೆಯಿಂದ ಎರಡು ಪಟ್ಟು ತಾಳುವಂಥದ್ದು ಇರಲಿ. ಹೆಸರು ನೋಡಿ ಮೋಸ ಹೋಗಬೇಡಿ. ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಅಂತ ಇದೆಯಲ್ಲ, 1986ರಲ್ಲಿ ಬಂದದ್ದು, ಅದು 30 ವ್ಯಾಟಿನದ್ದಲ್ಲ, 60 ವ್ಯಾಟಿನದ್ದು. ಅದೇ ಕಂಪನಿಯ ಗ್ರೀನ್‌ಬ್ಯಾಕ್ 25 ವ್ಯಾಟ್ ಮಾತ್ರ. 50 ವ್ಯಾಟಿನ ಆಂಪಿಗೆ ಒಂದೇ ಗ್ರೀನ್‌ಬ್ಯಾಕ್ ಹಾಕಿದರೆ ಅದರೊಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಹಪ್ಪಳ ಆಗುತ್ತದೆ.

ಎಷ್ಟು ಗಟ್ಟಿ ಎಂಬುದಕ್ಕೆ ಬೇರೆ ಸಂಖ್ಯೆ ಇದೆ. ಅದರ ಹೆಸರು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ ಎಂಬ ಲೆಕ್ಕ. ಇದನ್ನು ಯಾರೂ ಓದುವುದಿಲ್ಲ, ಓದಬೇಕಾದದ್ದೇ ಇದು. ವಿಂಟೇಜ್ 30ರದ್ದು 100 ಡೆಸಿಬಲ್, ಅದೇ ಕಂಪನಿಯ 75 ವ್ಯಾಟಿನ ಜಿ12ಟಿ-75ರದ್ದು 97. ಬರೀ ಮೂರರ ವ್ಯತ್ಯಾಸ, ಅದರಲ್ಲೇನಿದೆ ಅನ್ನಿಸುತ್ತದೆ ಅಲ್ವಾ? ಆದರೆ ಆಂಪಿನ ಶಕ್ತಿಯನ್ನು ಇಮ್ಮಡಿ ಮಾಡಿದರೆ ಏರುವುದು ಅದೇ 3 ಡೆಸಿಬಲ್. ಅಂದರೆ 15 ವ್ಯಾಟಿನ ಆಂಪಿಗೆ 100ರ ಸ್ಪೀಕರ್ ಹಾಕಿದರೆ, 30 ವ್ಯಾಟಿನ ಆಂಪಿಗೆ 97ರದ್ದು ಹಾಕಿದಷ್ಟೇ ಗಟ್ಟಿ. ಆಂಪ್ ಸಣ್ಣದಾಯಿತು ಅಂತ ಹೊಸದು ಹುಡುಕುವವರು ಮೊದಲು ಇದನ್ನು ನೋಡಿ. ತಿರುವು ಮುರುವೂ ನಿಜ. ಮನೆಯಲ್ಲಿ ರಾತ್ರಿ ನುಡಿಸುವವರಿಗೆ, ಪಕ್ಕದ ಕೋಣೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಓದುತ್ತಿದ್ದರೆ, ಕಡಿಮೆ ಸೆನ್ಸಿಟಿವಿಟಿಯದ್ದೇ ವಾಸಿ.

ಇನ್ನು ರುಚಿಯ ವಿಷಯ. ಇದನ್ನು ಬರೆದು ತಿಳಿಸುವುದು ಉಪ್ಪಿನಕಾಯಿ ಹೇಗಿದೆ ಅಂತ ಫೋನಿನಲ್ಲಿ ಹೇಳಿದ ಹಾಗೆ. ಆದರೂ ಸ್ವಲ್ಪ ಹೇಳುತ್ತೇನೆ. ಗ್ರೀನ್‌ಬ್ಯಾಕ್ ಮೆತ್ತಗೆ, ಮಧ್ಯದ ಸ್ವರ ತುಂಬಿಕೊಂಡು ಬರುತ್ತದೆ, ಹಳೆಯ ರಾಕ್ ನುಡಿಸುವವರಿಗೆ ಹಿಡಿಸುತ್ತದೆ. ವಿಂಟೇಜ್ 30 ಮೇಲಿನ ಮಧ್ಯ ಸ್ವರದಲ್ಲಿ ಚುರುಕು. ಬ್ಯಾಂಡಿನ ಗದ್ದಲದಲ್ಲಿ ಎದ್ದು ಕೇಳುತ್ತದೆ, ಒಬ್ಬರೇ ಮನೆಯಲ್ಲಿ ಕೂತು ಕೇಳಿದರೆ ಕೆಲವರಿಗೆ ಕಿವಿ ಚುಚ್ಚುತ್ತದೆ. ಜೆನ್ಸನ್ ಕಂಪನಿಯ ಹಳೆಯ ಮಾದರಿಗಳು ಅಮೆರಿಕದ ಕಡೆಯ ರುಚಿ, ಸ್ವಚ್ಛ ಶಬ್ದ, ಮೇಲೆ ಗಂಟೆಯ ಹೊಳಪು. ಇನ್ನು ಅಲ್ನಿಕೊ ಅಂತ ಒಂದು ಜಾತಿ, ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆಸಿದ ಅಯಸ್ಕಾಂತದ್ದು. ವಾಕ್ಸ್ ಎಸಿ30 ಎಂಬ ಆಂಪಿನಲ್ಲಿ ಹೆಸರು ಮಾಡಿದ ಸೆಲೆಸ್ಟಿಯನ್ ಬ್ಲೂ ಇದೇ ಜಾತಿ. ತಾಳುವುದು 15 ವ್ಯಾಟ್ ಅಷ್ಟೆ, ಬೆಲೆ ಕೇಳಿದರೆ ಮಾತ್ರ ಕೂತುಬಿಡುತ್ತೀರಿ. ಮೊದಲ ಸ್ಪೀಕರಿಗೆ ಅದು ಬೇಡ. ಸಾಮಾನ್ಯ ಸೆರಾಮಿಕ್ ಅಯಸ್ಕಾಂತದ್ದು ಸಾಕು. ನಿಯೋಡಿಮಿಯಂ ಹಾಕಿದವು ಬಹಳ ಹಗುರ, ಸ್ಕೂಟರಿನಲ್ಲಿ ಬಾಕ್ಸ್ ಕಟ್ಟಿಕೊಂಡು ತಿರುಗುವವರು ಯೋಚಿಸಬಹುದು.

ಹತ್ತು ಇಂಚೋ ಹನ್ನೆರಡೋ? ಹತ್ತು ಇಂಚಿನದ್ದು ಚುರುಕು, ಹನ್ನೆರಡರದ್ದು ತುಂಬು. ಒಂದೇ ಸ್ಪೀಕರ್ ಇಟ್ಟುಕೊಳ್ಳುವವರು ಹನ್ನೆರಡು ತೆಗೆದುಕೊಳ್ಳಿ. ಮುಂದೆ ಬದಲಿಸಲು ಆಯ್ಕೆಯೂ ಅದರಲ್ಲೇ ಜಾಸ್ತಿ.

ಬಾಕ್ಸಿನಲ್ಲಿ ಮೊದಲ ಪ್ರಶ್ನೆ ಹಿಂದೆ ಮುಚ್ಚಿರಬೇಕೋ ತೆರೆದಿರಬೇಕೋ ಎಂಬುದು. ಸ್ಪೀಕರಿನ ಕೋನ್, ಅಂದರೆ ಅಲುಗುವ ಕಾಗದದ ಭಾಗ, ಮುಂದೆ ಎಷ್ಟು ಗಾಳಿ ತಳ್ಳುತ್ತದೋ ಹಿಂದೆಯೂ ಅಷ್ಟೇ ಎಳೆಯುತ್ತದೆ. ಹಿಂದೆ ಮುಚ್ಚಿದರೆ ಶಬ್ದವೆಲ್ಲ ಎದುರಿಗೇ ಹೋಗುತ್ತದೆ, ದಪ್ಪ ತಂತಿ ಬಿಗಿಯಾಗಿ, ಎದೆಗೆ ತಾಗುವ ಹಾಗೆ ಕೇಳುತ್ತದೆ. ತೆರೆದರೆ ಶಬ್ದ ಹಿಂದಕ್ಕೂ ಹೋಗಿ ಗೋಡೆಗೆ ಬಡಿದು ಕೋಣೆ ತುಂಬುತ್ತದೆ, ಆದರೆ ಹಿಂದಿನದ್ದು ಮುಂದಿನದ್ದಕ್ಕೆ ಎದುರಾಗಿ ತಗ್ಗು ಸ್ವರ ಸ್ವಲ್ಪ ಕಳೆದುಹೋಗುತ್ತದೆ. ನಮ್ಮದು ಮುರಕಲ್ಲಿನ ಗೋಡೆ, ಹಂಚಿನ ಮಾಡು. ಅಂಥ ಚಾವಡಿಯಲ್ಲಿ ತೆರೆದ ಬಾಕ್ಸ್ ಬಹಳ ಚಂದ. ಗಾರೆ ಮಾಡದ ಮುರಕಲ್ಲಿನ ತೂತುಗಳೂ ಹಂಚಿನ ಸಂದುಗಳೂ ಶಬ್ದವನ್ನು ಒಡೆದು ಹದ ಮಾಡುತ್ತವೆ. ಅದೇ ಕಾಂಕ್ರೀಟ್ ತಾರಸಿಯ, ಟೈಲ್ಸ್ ಹಾಕಿದ ಚೌಕ ಕೋಣೆಯಲ್ಲಿ ಒಂದು ಸ್ವರಕ್ಕೆ ಹತ್ತು ಪ್ರತಿಧ್ವನಿ, ಅಲ್ಲಿ ಮುಚ್ಚಿದ್ದು ಬೇಕು. ಜಾತ್ರೆಯ ಗದ್ದೆಯಲ್ಲಿ, ಹಿಂದೆ ಬರೀ ಬಟ್ಟೆಯ ಪರದೆ ಇರುವ ಚಪ್ಪರದಲ್ಲಿ, ತೆರೆದ ಬಾಕ್ಸಿನ ಅರ್ಧ ಶಬ್ದ ತೆಂಗಿನ ತೋಟಕ್ಕೆ ಹೋಗುತ್ತದೆ.

ಎರಡೂ ಕಡೆ ನುಡಿಸುವವರು ಏನು ಮಾಡಬೇಕು? ಹಿಂದಿನ ಹಲಗೆಯನ್ನು ಮೂರು ತುಂಡು ಮಾಡಿಸಿ. ಮೇಲಿನದ್ದೂ ಕೆಳಗಿನದ್ದೂ ಯಾವಾಗಲೂ ಇರಲಿ, ನಡುವಿನದ್ದನ್ನು ಬೇಕಾದಾಗ ತೆಗೆದು ಬೇಕಾದಾಗ ಹಾಕಿ. ಬರೀ ಸ್ಕ್ರೂ ಬೇಡ, ನಾಲ್ಕು ಸಲ ಬಿಚ್ಚಿದರೆ ಮರದ ತೂತು ಸಡಿಲವಾಗುತ್ತದೆ. ಒಳಗಿನಿಂದ ಟೀ ನಟ್ (ಮರದಲ್ಲಿ ಕಚ್ಚಿ ಕೂರುವ ಲೋಹದ ನಟ್) ಹಾಕಿಸಿ ಬೋಲ್ಟ್ ಕೊಡಿ.

ನಾಲ್ಕು ಸ್ಪೀಕರಿನ ದೊಡ್ಡ ಬಾಕ್ಸಿನ ಆಸೆ ಎಲ್ಲರಿಗೂ ಇರುತ್ತದೆ. ಫೋಟೋಕ್ಕೆ ಒಳ್ಳೆಯದು. ಮಾರ್ಷಲ್ಲಿನ 1960 ಬಾಕ್ಸ್ 35 ಕಿಲೋ ದಾಟುತ್ತದೆ, ಆಟೋದಲ್ಲಿ ಹಿಡಿಸುವುದಿಲ್ಲ, ಮತ್ತೆ ಮೈಕಿನವರು ಹೇಗೂ ಒಂದೇ ಸ್ಪೀಕರಿಗೆ ಒಂದು ಮೈಕ್ ಇಡುವುದು. ಉಳಿದ ಮೂರು ಬರೀ ನಮ್ಮ ಸಮಾಧಾನಕ್ಕೆ. ಹನ್ನೆರಡು ಇಂಚಿನ ಒಂದು, ಬಾಕ್ಸ್ ಸ್ವಲ್ಪ ದೊಡ್ಡದು, ಇಷ್ಟಿದ್ದರೆ ನಮ್ಮ ಕಡೆಯ ಯಾವ ಕಾರ್ಯಕ್ರಮಕ್ಕೂ ಆಗುತ್ತದೆ.

ಬಾಕ್ಸನ್ನು ಕೊಳ್ಳುವುದಕ್ಕಿಂತ ಮಾಡಿಸುವುದೇ ನನಗೆ ಇಷ್ಟ. ನಮ್ಮಲ್ಲಿ ಒಳ್ಳೆಯ ಆಚಾರಿಗಳಿದ್ದಾರೆ. ನನ್ನ ಬಾಕ್ಸ್ ಮಾಡಿದ ಆಚಾರಿ ಮೊದಲ ದಿನವೇ ಒಂದು ಪ್ರಶ್ನೆ ಹಾಕಿದರು. "ಚೆಂಡೆಗೆ ಹಲಸು ಆಗ್ತದೆ, ಮದ್ದಳೆಗೆ ಹಲಸು ಆಗ್ತದೆ, ಇದಕ್ಕೆ ಮಾತ್ರ ಯಾಕೆ ಪ್ಲೈವುಡ್ ಮಾಷ್ಟ್ರೇ?" ನ್ಯಾಯವಾದ ಪ್ರಶ್ನೆ. ಗಟ್ಟಿ ಮರ ತಪ್ಪೇನಲ್ಲ, ಫೆಂಡರಿನ ಹಳೆಯ ಆಂಪ್‌ಗಳ ಬಾಕ್ಸ್ ಪೈನ್ ಮರದ್ದೇ. ಆದರೆ ಚೆಂಡೆ ಒಂದೇ ಕೊರಡನ್ನು ಕೊರೆದು ಮಾಡುವಂಥದ್ದು. ಬಾಕ್ಸಿಗೆ ಒಂದಡಿ ಅಗಲದ ಹಲಗೆಗಳು ಬೇಕು. ಆಟಿ ತಿಂಗಳ ತೇವಕ್ಕೆ ಉಬ್ಬಿ, ಕುಂಭ ಮಾಸದ ಬಿಸಿಲಿಗೆ ಕುಗ್ಗಿ, ಎರಡು ವರ್ಷದಲ್ಲಿ ಮೂಲೆ ಬಿಡುತ್ತದೆ. ಭಾರವೂ ಜಾಸ್ತಿ. ಪ್ಲೈವುಡ್ಡಿನಲ್ಲಿ ಪದರಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಅದು ಅಷ್ಟು ಅಲುಗಾಡುವುದಿಲ್ಲ. ಆಚಾರಿ ಪೂರ್ತಿ ಒಪ್ಪಲಿಲ್ಲ, ಹಿಡಿಕೆಯನ್ನಾದರೂ ಹಲಸಿನಲ್ಲಿ ಮಾಡುತ್ತೇನೆ ಎಂದು ಮಾಡಿದರು. ಇಡೀ ಬಾಕ್ಸಿನಲ್ಲಿ ಚಂದ ಕಾಣುವುದು ಅದೊಂದೇ.

ಪ್ಲೈವುಡ್ಡಿಗೆ ನಾವು ದೂರ ಹೋಗಬೇಕಾಗಿಲ್ಲ. ಕಣ್ಣೂರಿನ ವಳಪಟ್ಟಣದಲ್ಲೂ ಪೆರುಂಬಾವೂರಿನಲ್ಲೂ ಪ್ಲೈವುಡ್ ಕಾರ್ಖಾನೆಗಳಿವೆ, ಅಂಗಡಿಗಳಲ್ಲಿ ಮಾಲು ಸಿಗುತ್ತದೆ. 18 ಮಿಲಿಮೀಟರಿನದ್ದು ಕೇಳಿ. ಹಲಗೆಯ ಮೇಲಿನ ಮುದ್ರೆ ಓದಿ. ಐಎಸ್ 303 ಎಂಬ ಗುಣಮಟ್ಟದ ಗುರುತಿನಲ್ಲಿ ಎಂಆರ್ ಅಂತ ಇದ್ದರೆ ಅದು ಒಳಮನೆಯ ಕಪಾಟಿಗೆ, ಬಿಡಬ್ಲ್ಯುಆರ್ ಅಂತ ಇದ್ದರೆ ನೀರು ಸ್ವಲ್ಪ ತಾಳುತ್ತದೆ. ಐಎಸ್ 710 ಮರೈನ್, ಇನ್ನೂ ಗಟ್ಟಿ. ನಮ್ಮ ಮಳೆಗೆ ಬಿಡಬ್ಲ್ಯುಆರ್‌ಗಿಂತ ಕೆಳಗೆ ಇಳಿಯಬೇಡಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಬೇಡವೇ ಬೇಡ. ಒಂದು ಮಳೆಗಾಲ ಸಿಮೆಂಟ್ ನೆಲದಲ್ಲಿ ಇಟ್ಟರೆ ಕೆಳಗಿನ ಅಂಚು ನೆನೆದ ರಸ್ಕಿನ ಹಾಗೆ ಉಬ್ಬುತ್ತದೆ.

ನನ್ನ ಬಾಕ್ಸ್ ಅಗಲ 24 ಇಂಚು, ಎತ್ತರ 20, ಆಳ 12. ಮುಂದಿನ ಹಲಗೆಯಲ್ಲಿ ಕೊರೆಯುವ ತೂತು 12 ಇಂಚಲ್ಲ ಅಂತ ಆಚಾರಿಗೆ ಮೊದಲೇ ಹೇಳಿ. ಸ್ಪೀಕರಿನ ಹೊರ ಅಂಚು 12 ಇಂಚು, ತೂತು 11ಕ್ಕೆ ಸ್ವಲ್ಪ ಮೇಲೆ. ಸ್ಪೀಕರ್ ಕೈಗೆ ಬಂದ ಮೇಲೆ ಅಳೆದು ಕೊರೆಯುವುದೇ ಕ್ಷೇಮ. ಜೋಡಣೆಗೆ ಅಂಟು ಧಾರಾಳ ಇರಲಿ, ಸಂದಿನಲ್ಲಿ ಗಾಳಿ ಹೋಗುವ ಹಾಗಿದ್ದರೆ ಮುಚ್ಚಿದ ಬಾಕ್ಸ್ ಸೀಟಿ ಹಾಕುತ್ತದೆ. ಮುಂದಿನ ಬಟ್ಟೆಗೆ ಬಾಯಿಟ್ಟು ಊದಿ ನೋಡಿ, ಗಾಳಿ ಸಲೀಸಾಗಿ ಹೋದರೆ ಶಬ್ದವೂ ಹೋಗುತ್ತದೆ. ನಾನು ಅಡಿಕೆಯ ಗೋಣಿ ಬಿಡಿಸಿ ಹೊಡೆದಿದ್ದೆ. ನೋಡಲು ಜೋರಿತ್ತು. ಜುಲೈಯಲ್ಲಿ ಬೂಷ್ಟು ಹಿಡಿದು ಬಿಸಾಡಿದೆ.

ಆಂಪಿನಿಂದ ಬಾಕ್ಸಿಗೆ ಗಿಟಾರಿನ ಕೇಬಲ್ ಹಾಕಬೇಡಿ. ಎರಡರ ಜ್ಯಾಕ್ ಒಂದೇ ಥರ, ಒಳಗಿನ ತಂತಿ ಬೇರೆ. ಗಿಟಾರ್ ಕೇಬಲಿನ ನಡುವಿನ ಎಳೆ ಕೂದಲಿನಷ್ಟು ಸಣ್ಣ, ಆಂಪಿನ ಕರೆಂಟಿಗೆ ಬಿಸಿಯಾಗುತ್ತದೆ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ 1.5 ಸ್ಕ್ವೇರ್ ಎಂಎಂನ ಎರಡೆಳೆಯ ತಾಮ್ರದ ವಯರ್ ಒಂದೂವರೆ ಮೀಟರ್, ಎರಡು ಮೋನೋ ಜ್ಯಾಕ್, ಬೆಸುಗೆ ಹಾಕಿದರೆ ಮುಗಿಯಿತು.

ಎರಡು ಸ್ಪೀಕರ್ ಇದ್ದರೆ ಎರಡೂ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ ಹೋಗಬೇಕು. ಪರೀಕ್ಷೆ ಸುಲಭ. ಆಂಪಿನ ವಯರ್ ತೆಗೆದಿಟ್ಟು, ಗಡಿಯಾರದ 1.5 ವೋಲ್ಟಿನ ಸೆಲ್ಲನ್ನು ಬಾಕ್ಸಿನ ಜ್ಯಾಕಿಗೆ ಒಂದು ಕ್ಷಣ ತಾಗಿಸಿ. ಒಂದು ಕೋನ್ ಮುಂದೆ ಬಂದು ಇನ್ನೊಂದು ಹಿಂದೆ ಹೋದರೆ ಒಂದರ ವಯರ್ ಅದಲುಬದಲಾಗಿದೆ. ಬಾಕ್ಸ್ ಎಷ್ಟು ಒಳ್ಳೆಯದಿದ್ದರೂ ಶಬ್ದ ತೆಳ್ಳಗೆ ಬರುತ್ತಿದೆ ಅನ್ನುವವರಲ್ಲಿ ಕೆಲವರ ರೋಗ ಇದೇ.

ವೇದಿಕೆಯಲ್ಲಿ ಬಾಕ್ಸನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಡಿ, ಇಲ್ಲವೇ ಮುಂದೆ ಒಂದು ಪಟ್ಟಿ ಕೊಟ್ಟು ಹಿಂದಕ್ಕೆ ವಾಲಿಸಿ. ಮೇಲಿನ ಸ್ವರಗಳು ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತವೆ. ನೆಲದಲ್ಲಿಟ್ಟರೆ ನಿಮ್ಮ ಮೊಣಕಾಲಿಗೆ ಕೇಳುತ್ತದೆ, ಕಿವಿಗೆ ಕೇಳುವುದಿಲ್ಲ. ನೀವು ಟ್ರೆಬಲ್ ಏರಿಸುತ್ತಾ ಹೋಗುತ್ತೀರಿ, ಎದುರಿನ ಸಾಲಿನವರು ಬೈರಾಸು ಹುಡುಕುತ್ತಾರೆ. ಮೈಕನ್ನು ಕೋನಿನ ನಡುವಿನ ಗುಬ್ಬಿಗೆ ನೇರ ಹಿಡಿಯದೆ, ಗುಬ್ಬಿಗೂ ಅಂಚಿಗೂ ನಡುವೆ ಎಲ್ಲೋ ಒಂದು ಕಡೆ ಇಡಲು ಮೈಕಿನವರಿಗೆ ಹೇಳಿ. ಎರಡು ಬೆರಳು ಆಚೀಚೆ ಮಾಡಿದರೂ ಶಬ್ದ ಬದಲಾಗುತ್ತದೆ.

ಹಳೆಯದು ಕೊಳ್ಳುವವರಿಗೆ ಕೊನೆಯದಾಗಿ. ಸ್ಪೀಕರನ್ನು ಮೇಜಿನ ಮೇಲೆ ಮೇಲ್ಮುಖ ಮಾಡಿ ಇಟ್ಟು, ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮವಾಗಿಟ್ಟು ಮೆಲ್ಲ ಒತ್ತಿ ಬಿಡಿ. ಕಿವಿ ಹತ್ತಿರ ಇರಲಿ. ಏನೂ ಸದ್ದಿಲ್ಲದೆ ಹೋಗಿ ಬರಬೇಕು. ಕರಕರ ಎಂದರೆ ಕಾಯಿಲ್ ಎಲ್ಲೋ ಉಜ್ಜುತ್ತಿದೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಸಮುದ್ರದ ಹತ್ತಿರದ ಮನೆಯದ್ದಾದರೆ ಚೌಕಟ್ಟಿನ ತುಕ್ಕು ನೋಡಿ, ಮಳೆ ಜಾಸ್ತಿ ಇರುವ ಒಳನಾಡಿನ ಕಡೆಯದ್ದಾದರೆ ಕೋನಿನ ಹಿಂದೆ ಬೂಷ್ಟು ನೋಡಿ. ಅಂಚಿನಲ್ಲಿ ಸಣ್ಣ ಹರಿದ ಗೆರೆ ಇದ್ದರೆ ತೆಳು ಕಾಗದ ಅಂಟಿಸಿ ಸರಿ ಮಾಡಬಹುದು, ಆ ನೆಪದಲ್ಲಿ ಬೆಲೆ ಇಳಿಸಿ. ಮತ್ತೆ ಜ್ಯಾಕಿನ ತೂತಿಗೆ ಒಮ್ಮೆ ಟಾರ್ಚ್ ಹಾಕಿ. ನಾನು ಉಪ್ಪಳದಿಂದ ತಂದ ಬಾಕ್ಸ್ ಸದ್ದೇ ಮಾಡದೆ, ಎರಡು ದಿನ ಬಿಚ್ಚಿ ಹುಡುಕಿದ ಮೇಲೆ ಸಿಕ್ಕಿದ್ದು ಕುಂಬಾರ ಹುಳು ಕಟ್ಟಿದ ಮಣ್ಣಿನ ಗೂಡು.